ದೂರದ ನಳದ ನೀರು

ಕಳವಾ, ೯-೭-೧೯೯೬

ಚಿ. ಸೌ. ಅನಸೂಯಾಗೆ ನಿನ್ನ ಆಯಿ ಮರಗಮ್ಮನ ಆಶೀರ್ವಾದ.

ಆಶೀರ್ವಾದ ಬರೆಯುವುದು ಪದ್ಧತಿ, ಅದಕ್ಕೆ ಬರೆದೆ. ನಿಜವಾಗಿ ಬರೆಯಬೇಕಾದದ್ದು ಬೈಗುಳ. ಮೂರು ಪತ್ರ ಹಾಕಿದೆ, ಮೂರಕ್ಕೂ ಉತ್ತರ ಇಲ್ಲ. ಕೈಗೆ ಲಕ್ವ ಹೊಡೆದಿದೆಯೇನೇ? ಪಿಯುಸಿ ಓದಿದ ಮೊಮ್ಮಗಳು ನೀನು, ಬಾಲವಾಡಿಯ ಮಕ್ಕಳಿಗೆ ಅ ಆ ತಿದ್ದಿಸುವವಳು ನೀನು. ನಿಜಾಮನ ಕಾಲದ ಸಾಲಿಯಲ್ಲಿ ಮೂರು ಇಯತ್ತೆ, ಅದರಲ್ಲೂ ಅರ್ಧ ಉರ್ದು ಕಲಿತ ಮುದುಕಿ ನಾನು ಕನ್ನಡಕ ಏರಿಸಿಕೊಂಡು ಕೂತು ಬರೆಯುತ್ತೇನೆ. ನೀನು ಕಾಲು ಚಾಚಿ ಓದಿ, ಮಡಚಿ, ಟ್ರಂಕಿನಲ್ಲಿ ಇಡುತ್ತೀ. ಓದುವಾಗ ತುಟಿ ಸೊಟ್ಟ ಮಾಡಬೇಡ, ನನಗೆ ಇಲ್ಲಿಂದಲೇ ಕಾಣುತ್ತದೆ.

ವಿಷಯಕ್ಕೆ ಬರುತ್ತೇನೆ. ನಿನ್ನ ಗಂಡ ಅಂಬರೀಶ ಘಣಸೋಲಿಯ ಹಳೇ ಊರಿನೊಳಗೆ ಒಂದು ಖೋಲಿ ಹಿಡಿದಿದ್ದಾನೆ. ಫ್ಯಾಕ್ಟರಿಗೆ ನಡೆದು ಹೋಗುವಷ್ಟೇ ದಾರಿ. ಮಾಲಕರು ಆಗರಿ ಜನ, ಅಲ್ಲಿಯ ಮೂಲದವರು. ಮಾಲಕನ ಹೆಂಡತಿ ಅವನನ್ನು ಕೇಳಿದ್ದು ಒಂದೇ ಮಾತಂತೆ: "ಬಾಯಕೋ ಕಧೀ ಆಣಣಾರ?" ಹೆಂಡತಿಯನ್ನು ಎಂದು ಕರೆತರುತ್ತೀ ಅಂತ. ಅವನು ತಲೆ ಕೆರೆದುಕೊಂಡನಂತೆ. ಕೆರೆಯದೆ ಏನು ಮಾಡಬೇಕು ಪಾಪ? ಮದುವೆಯಾಗಿ ಹದಿನಾಲ್ಕು ತಿಂಗಳಾಯಿತು, ಅವನು ಇಲ್ಲಿ ವಡಾಪಾವ್ ತಿಂದು ಒಣಗುತ್ತಿದ್ದಾನೆ, ನೀನು ಅಲ್ಲಿ ಕೂತು 'ಆ ಊರು ನಮ್ಮಂಥವರದಲ್ಲ' ಎಂದು ಅವನಿಗೆ ಕಾಗದ ಬರೆಯುತ್ತೀಯಂತೆ. ಯಾರು ಹೇಳಿದರು ನಿನಗೆ? ಪೇಪರಿನವರೋ? ಪೇಪರಿನವರು ಜಗಳವಿದ್ದರೆ ಬರೆಯುತ್ತಾರೆ, ಜಗಳವಿಲ್ಲದ ದಿನದ ಬಗ್ಗೆ ಏನು ಬರೆದಾರು?

ನಮ್ಮ ಚಾಳಿನಲ್ಲಿ ಹದಿನೆಂಟು ಖೋಲಿ. ಸಾತಾರದವರು, ಕೊಂಕಣದವರು, ಕೇರಳದ ಒಬ್ಬ ನರ್ಸಮ್ಮ, ಉತ್ತರಪ್ರದೇಶದ ಹಾಲಿನವನು, ಎಲ್ಲರೂ ಇದ್ದಾರೆ. ಎಲ್ಲರೂ ಒಂದೇ ನಳದ ನೀರು ಕುಡಿಯುತ್ತೇವೆ. ನನ್ನ ಮಗ, ನಿನ್ನ ಸೋದರಮಾವ ಬಾಲಪ್ಪನಿಗೆ ಲೋಡಿಂಗ್ ಕೆಲಸ ತಪ್ಪದೆ ಇದೆ. ಬಾ. ಬಂದು ನೋಡಿ ಆಮೇಲೆ ಬೇಕಾದರೆ ಬೈ.

ನಿನ್ನ ಆಯಿ

*

ನೆಲ್ಲಿಹಾಳ, ಶಹಾಪುರ ತಾಲೂಕು, ೨೮-೭-೧೯೯೬

ಆಯಿಗೆ ಅನಸೂಯಾಳ ಶರಣಾರ್ಥಿ.

ನಿನ್ನ ಪತ್ರಗಳನ್ನು ಟ್ರಂಕಿನಲ್ಲಿ ಇಡುತ್ತೇನೆ ಎಂದು ಬೈದೆ. ನಿಜ, ಇಡುತ್ತೇನೆ. ಇಟ್ಟದ್ದರಿಂದಲೇ ಇವತ್ತು ಉತ್ತರ ಬರೆಯಲು ಸಾಧ್ಯವಾಯಿತು. ಒಂದೇ ನಳದ ನೀರು ಕುಡಿಯುತ್ತೇವೆ ಎಂದು ಬರೆದಿದ್ದೀಯಲ್ಲ, ೧೯೯೪ರ ಮೇ ತಿಂಗಳಿನಲ್ಲಿ ನೀನೇ ಬರೆದ ಪತ್ರ ನನ್ನೆದುರು ಇದೆ. ನಿನ್ನ ಅಕ್ಷರದಲ್ಲೇ ಹೀಗಿದೆ:

'ಈ ಚಾಳಿಗೆ ಬಂದು ಇವತ್ತಿಗೆ ನಾಲ್ಕನೆಯ ದಿನ. ನಳಕ್ಕೆ ನಾಲ್ಕು ಭಾಂಡೆ ತೆಗೆದುಕೊಂಡು ಹೋದೆ. ಅಲ್ಲಿ ಗದ್ದಲ ನಡೆದಿತ್ತು. ಸಾಲಿನ ಕೊನೆಗೆ ಯಾರು ನಿಂತಿದ್ದೀರಿ ಎಂದು ನಾನೂ ಜೋರಾಗಿ ಕೇಳಿದೆ. ಚಂದ್ರಬಾಯಿ ಎಂಬ ಮರಾಠಿ ಹೆಂಗಸು ಎಲ್ಲರೆದುರು ನನಗೆ ಕೈ ಅಡ್ಡ ಹಿಡಿದು, ಆಜೀ, ಇಥೇ ಭಾಂಡಣ ನಕೋ ಎಂದಳು. ನಿನ್ನ ಪಾತ್ರೆ-ಭಾಂಡೆ ಇಲ್ಲಿ ಬೇಡ ಅಂತ. ಯಾರೂ ನನಗೆ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು. ಭಾಂಡೆ ಎತ್ತಿಕೊಂಡು ತಿರುಗಿ ಬಂದೆ.'

ಈ ಪತ್ರ ಓದಿದ ದಿನ ನಾನು ಉಣ್ಣಲಿಲ್ಲ ಆಯಿ. ನಮ್ಮೂರ ಬಾವಿಯ ಹತ್ತಿರ ನಮ್ಮ ಕೇರಿಯವರ ಕೊಡ ದೂರ ಇಟ್ಟು, ಮೇಲಿನ ಓಣಿಯವರು ಯಾರಾದರೂ ಸೇದಿ ಹಾಕುವ ತನಕ ಬಿಸಿಲಲ್ಲಿ ನಿಂತದ್ದು ನನಗೆ ಮರೆತಿಲ್ಲ. ನನಗೆ ಹತ್ತು ವರ್ಷವಿದ್ದಾಗ ನಮ್ಮ ಕೇರಿಗೇ ಬೋರು ಬಂತು. ಅಂದಿನಿಂದ ಯಾರಿಗೂ ಕಾಯುವುದಿಲ್ಲ. ಈಗ ಗಾಡಿ ಹತ್ತಿ ಬಂದು ಅಲ್ಲಿ ಮತ್ತೆ ಕಾಯಲೆ? ಇಲ್ಲಿ ಜಾತಿಗೆ ಕಾದೆವು, ಅಲ್ಲಿ ಭಾಷೆಗೆ ಕಾಯಬೇಕು, ಅಷ್ಟೇ ಫರಕು.

ಇನ್ನೊಂದು ಮಾತು. ನೀನು ಬರೆಯಲಿಲ್ಲ, ಇವರು ಬರೆದರು. ವರ್ತಕ ನಗರದಲ್ಲಿ ಬಾಲಪ್ಪ ಮಾವನಿಗೆ ಖೋಲಿ ಕೊಡುತ್ತೇವೆಂದವರು, ಆಡನಾವ ಏನು ಎಂದು ಮನೆತನದ ಹೆಸರು ಕೇಳಿಕೊಂಡು, ಮರುದಿನ ನಮ್ಮ ತಮ್ಮನೇ ಬರುತ್ತಿದ್ದಾನೆ ಎಂದರಂತೆ. ಆ ತಮ್ಮ ಇನ್ನೂ ಬಂದಿಲ್ಲವಂತೆ.

ನಾನು ಬರುವುದಿಲ್ಲ. ಸಿಟ್ಟಾಗಬೇಡ.

ಅನಸೂಯಾ

*

ಕಳವಾ, ೧೮-೮-೧೯೯೬

ಚಿ. ಅನಸೂಯಾಗೆ.

ಹಳೆಯ ಕಾಗದ ತೆಗೆದು ಮುಖಕ್ಕೆ ಹಿಡಿಯುವ ವಕೀಲಿ ನಿನಗೆ ಯಾರು ಕಲಿಸಿದರು? ಯಾಕೆ ಕೇಳಬೇಕು, ನಾನೇ ಕಲಿಸಿದ್ದು. ತಾಯಿಯಿಲ್ಲದ ಹುಡುಗಿ ಬಾಯಿಯಾದರೂ ಇರಲಿ ಎಂದು ಬೆಳೆಸಿದೆ. ಈಗ ಅನುಭವಿಸುತ್ತೇನೆ.

ಕೇಳು. ಎರಡು ವರ್ಷದ ಹಿಂದೆ ಒಬ್ಬಳು ಒಂದು ಮಾತು ಆಡಿದಳು. ಒಬ್ಬಳ ಬಾಯಿ ಇಡೀ ಊರಿನ ಬಾಯಿ ಆಗುತ್ತದೆಯೇ? ಈ ಊರು ದೇವರ ಗುಡಿ ಎಂದು ನಾನು ಎಂದೂ ಹೇಳಲಿಲ್ಲ. ತೊಂಬತ್ತಮೂರರ ಗಲಾಟೆಯಲ್ಲಿ ನಮ್ಮ ಸಾಲಿನ ಕೊನೆಯ ಖೋಲಿಯ ಸಾಬರ ಮನೆಯವರು ಮುಂಬ್ರಾಕ್ಕೆ ಹೋದವರು ಇನ್ನೂ ತಿರುಗಿ ಬಂದಿಲ್ಲ ಎಂದು ಇಲ್ಲಿಯವರೇ ಹೇಳುತ್ತಾರೆ. ಅವರು ಬೆಳೆಸಿದ ತುಳಸಿಯಷ್ಟು ಎತ್ತರದ ಕರಿಬೇವು ಡಬ್ಬಿಯಲ್ಲಿ ಹಾಗೇ ಇದೆ, ಯಾರೋ ನೀರು ಹಾಕುತ್ತಾರೆ. ಯಾರು ಎಂದು ನಾನು ನೋಡಿಲ್ಲ, ಗಿಡ ಮಾತ್ರ ಒಣಗಿಲ್ಲ. ಇದನ್ನು ಯಾವ ಲೆಕ್ಕಕ್ಕೆ ಹಿಡಿಯುತ್ತೀ? ಕೆಟ್ಟ ಊರಿನದೋ, ಒಳ್ಳೆಯ ಊರಿನದೋ?

ಭಾಷೆ ಅಂದೆ. ಭಾಷೆಯ ಕಥೆ ಹೇಳುತ್ತೇನೆ ಕೇಳು, ಸ್ವಲ್ಪ ನಗು. ಠಾಣೆ ಸ್ಟೇಷನ್ನಿನ ಹತ್ತಿರ ಕಿಟ್ಟಣ್ಣ ಎಂಬ ಉಡುಪಿ ಕಡೆಯವನ ಹೋಟೆಲು ಇದೆ. ನಮ್ಮ ಕನ್ನಡದವನು ಎಂದು ಆಸೆಪಟ್ಟು ಹೋದೆ.

"ಯಪ್ಪಾ, ಉಣ್ಲಾಕ ಏನ್ ಅದ?" ಅಂದೆ.

"ಎಂತ ಅಜ್ಜಿ? ಜೋರು ಮಾತಾಡಿ, ಮಿಕ್ಸಿ ಶಬ್ದ. ಮನೆಯವರಿಗೆ ಅಂತ ಪುಂಡಿ ಮಾಡಿದ್ದುಂಟು, ಕೊಡ್ಲಾ?"

ಪುಂಡಿ ಎಂದ ಕೂಡಲೇ ನನ್ನ ಬಾಯಲ್ಲಿ ನೀರು. ಪುಂಡಿಪಲ್ಯ ಕಂಡು ಎಷ್ಟು ದಿನವಾಯಿತು! "ಕೊಡಪ್ಪಾ, ರೊಟ್ಟಿನೂ ಕೊಡು" ಅಂದೆ. ತಂದಿಟ್ಟದ್ದು ಅಕ್ಕಿಯ ನಾಲ್ಕು ಉಂಡೆ! "ಇದೇನೋ? ಪುಂಡಿ ಎಲ್ಲಿ?" ಎಂದರೆ, "ಇದೇ ಪುಂಡಿ ಮಾರಾಯ್ರೆ!" "ಪುಂಡಿ ಅಂದ್ರ ಸೊಪ್ಪು ಅಲ್ಲೇನೋ ಹುಚ್ಚಾ?" "ಸೊಪ್ಪಾ? ಪುಂಡಿಯಲ್ಲಿ ಸೊಪ್ಪು ಎಲ್ಲಿಂದ ಅಜ್ಜಿ?" ಇಬ್ಬರೂ ಕನ್ನಡದವರೇ. ಕೊನೆಗೆ ಮಾಲವಣದ ವೇಟರು ಹಿಂದಿಯಲ್ಲಿ ಅವನಿಗೆ ನನ್ನ ಮಾತು, ನನಗೆ ಅವನ ಮಾತು ಹೇಳಬೇಕಾಯಿತು. ಇಲ್ಲಿಯವರು ನಮ್ಮಿಬ್ಬರನ್ನೂ 'ಕಾನಡಿ' ಎನ್ನುತ್ತಾರೆ. ಆದರೆ ಆ ಕಿಟ್ಟಣ್ಣನಿಗೂ ನನಗೂ ನಡುವೆ ಒಬ್ಬ ಮರಾಠಿಯವನು ಬೇಕು. ಊರು ಎಂದರೆ ಹೀಗೆ. ಉಂಡೆ ರುಚಿಯಾಗಿತ್ತು, ಆ ಮಾತು ಬೇರೆ.

ವರ್ತಕ ನಗರದವರ ಮಾತು ನಿಜ. ಬಚ್ಚಿಟ್ಟೆ. ಬಚ್ಚಿಡದೆ ಡಂಗುರ ಹೊಡೆಯಬೇಕಿತ್ತೇ?

ನಿಲ್ಲಿಸುತ್ತೇನೆ. ರೈಲಿನ ಕಾರ್‌ಶೆಡ್ ಗೋಡೆಯ ಆಚೆ ನಳ ಬಿಡುವ ಹೊತ್ತಾಯಿತು. ಹೋಗಿ ಬರಲು ಅರ್ಧ ತಾಸು ಬೇಕು.

ನಿನ್ನ ಆಯಿ

*

ನೆಲ್ಲಿಹಾಳ, ೧೨-೯-೧೯೯೬

ಆಯಿಗೆ ಶರಣಾರ್ಥಿ.

ಪುಂಡಿಯ ಕಥೆಗೆ ನಕ್ಕೆ. ಬಾಲವಾಡಿಯಲ್ಲಿ ಓದಿ ಹೇಳಿದೆ, ಮಕ್ಕಳೂ ನಕ್ಕವು. ಆಮೇಲೆ ಕೊನೆಯ ಎರಡು ಸಾಲು ಓದಿದೆ.

ಚಾಳಿನ ನಳ ಖೋಲಿಯ ಬಾಗಿಲಿಗೇ ಇದೆ ಎಂದು ಇವರು ಹೇಳುತ್ತಾರೆ. ನೀನು ಯಾಕೆ ಕಾರ್‌ಶೆಡ್ ಗೋಡೆಯ ಆಚೆ ಹೋಗುತ್ತೀ? ಅರವತ್ತೈದು ವರ್ಷದ ಹೆಂಗಸು, ಕೊಡ ಹೊತ್ತು, ಅರ್ಧ ತಾಸು? ಮಾವನನ್ನು ಕೇಳಲು ಇವರಿಗೆ ಹೇಳಿದ್ದೆ. 'ಅವ್ವ ಆ ನೀರು ಸಿಹಿ ಅಂತಾಳ, ಅದಕ್ಕ ಹೋಗ್ತಾಳ' ಎಂದರಂತೆ ಮಾವ. ಒಂದೇ ಪೈಪಿನ ನೀರು ಒಂದು ಕಡೆ ಸಿಹಿ, ಒಂದು ಕಡೆ ಸಪ್ಪೆ ಆಗುತ್ತದೆಯೇ ಆಯಿ?

ಇನ್ನೊಂದು ಸಂಗತಿ ಹೇಳುವುದಿದೆ. ನನಗೆ ಮೂರು ತಿಂಗಳು. ಕಾರಹುಣ್ಣಿಮೆಗೆ ಇವರು ಬಂದು ಹೋದರಲ್ಲ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ನನಗೆ ತವರು ಎಂದರೆ ನೀನಿರುವ ಮನೆ, ಬೇರೆ ಎಲ್ಲಿದೆ? ಹೆರಿಗೆನೋವಿನಲ್ಲಿದ್ದ ಅವ್ವನನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಶಹಾಪುರದ ದವಾಖಾನೆಗೆ ಹೊರಟವರು ದಾರಿಯಿಂದಲೇ ತಿರುಗಿ ಬಂದದ್ದು ನೀನು ಹೇಳಿಯೇ ನನಗೆ ಗೊತ್ತು. ನನಗೂ ಇಲ್ಲಿ ಅಂಜಿಕೆ ಇದೆ. ಆದರೆ ಹುಟ್ಟುವ ಕೂಸಿನ ಬಾಯಿಗೆ ಬೀಳುವ ಮೊದಲನೆಯ ನೀರು ಯಾರೋ ಬೇಡವೆಂದ ನಳದ್ದು ಆಗಬಾರದು.

ಅದಕ್ಕೆ ಒಂದೇ ಪ್ರಶ್ನೆ ಕೇಳುತ್ತೇನೆ. ಕಥೆ ಬೇಡ, ಕಿಟ್ಟಣ್ಣ ಬೇಡ. ಚಾಳಿನ ನಳದಲ್ಲಿ ನಿನಗೆ ನೀರು ತುಂಬಲು ಬಿಡುತ್ತಾರೆಯೇ ಇಲ್ಲವೇ? ಹೌದು ಎಂದಾದರೂ ಬರೆ, ಇಲ್ಲ ಎಂದಾದರೂ ಬರೆ. ಹೌದು ಎಂದರೆ ಬರುತ್ತೇನೆ.

ಅನಸೂಯಾ

*

ನೆಲ್ಲಿಹಾಳ, ೨೦-೧೧-೧೯೯೬ (ಕಾರ್ಡು)

ಆಯಿಗೆ. ಎರಡು ತಿಂಗಳು ದಾಟಿತು. ಮೂರು ಪತ್ರಕ್ಕೆ ಉತ್ತರವಿಲ್ಲ ಎಂದು ನನಗೆ ಬೈದವಳು ಒಂದು ಅಕ್ಷರ ಬರೆಯಲು ಇಷ್ಟು ದಿನವೇ? ನಿನ್ನ ಕೈಗೂ ಲಕ್ವ ಹೊಡೆಯಿತೇ? ಉತ್ತರ ತಿಳಿಯಿತು ಎಂದುಕೊಳ್ಳುತ್ತೇನೆ. ಘಣಸೋಲಿಯ ಖೋಲಿ ಬಿಟ್ಟು ಊರಿಗೆ ಬನ್ನಿ ಎಂದು ಇವರಿಗೂ ಬರೆಯುತ್ತೇನೆ. ಮೈ ಹುಷಾರು. ಅನಸೂಯಾ.

*

ಕಳವಾ, ೮-೧೨-೧೯೯೬

ಚಿ. ಸೌ. ಅನಸೂಯಾಗೆ ಆಯಿಯ ಸಾವಿರ ಆಶೀರ್ವಾದ. ಈ ಸಲ ಪದ್ಧತಿಗೆ ಬರೆದದ್ದಲ್ಲ.

ನೀನು ಬೈದದ್ದು ಸರಿ. ಐದು ಇನ್‌ಲ್ಯಾಂಡ್ ಕಾಗದ ಬರೆದೆ, ಐದನ್ನೂ ಹರಿದು ಒಲೆಗೆ ಹಾಕಿದೆ. ಹೌದು ಎಂದು ಬರೆದರೆ ಸುಳ್ಳಾಗುತ್ತಿತ್ತು. ಇಲ್ಲ ಎಂದು ಬರೆದರೆ ನೀನು ಬರುತ್ತಿರಲಿಲ್ಲ. ಎರಡೂವರೆ ವರ್ಷ ಆ ನಳದ ಕಡೆ ಮುಖ ಹಾಕಿಲ್ಲ. ಸಿಹಿ ನೀರು ಎಂದು ಬಾಲಪ್ಪನಿಗೂ ಸುಳ್ಳು ಹೇಳಿದೆ. ತಾಯಿಗೆ ಹೀಗೆ ಅಂದರು ಎಂದು ಗೊತ್ತಾದರೆ ಗಂಡಸು, ಏನಾದರೂ ಮಾಡಿಕೊಂಡಾನು ಎಂಬ ಅಂಜಿಕೆ.

ಈಗ ಹೇಳುವುದನ್ನು ಕೂತು ಓದು. ಬಸುರಿ ಹೆಂಗಸು ನಿಂತು ನಗಬಾರದು.

ನಿನ್ನ ಕಾರ್ಡು ಬಂದ ವಾರವೇ ಕಾರ್‌ಶೆಡ್ ಗೋಡೆಯ ನಳ ಬಂದಾಯಿತು. ಪೈಪು ಕಿತ್ತು ಹಾಕಿದರು. ಎರಡು ದಿನ ಹಾಲಿನವನ ಹತ್ತಿರ ಒಂದು ಬಿಂದಿಗೆ ಬೇಡಿ ತಂದೆ. ಮೂರನೆಯ ದಿನ ಮುಂಜಾನೆ ಚಾಳಿನ ನಳದ ಕಡೆ ಹೋದೆ. ಭಾಂಡೆ ಒಯ್ಯಲಿಲ್ಲ. ಒಯ್ದರೆ ಮತ್ತೆ ಅದೇ ಮಾತು ಕೇಳಬೇಕಲ್ಲ. ಬರೀ ಕೈಯಲ್ಲಿ ಹೋಗಿ, ಯಾರು ಯಾರು ಇದ್ದಾರೆ ನೋಡಿ, ಆ ನರ್ಸಮ್ಮನನ್ನಾದರೂ ಕೇಳೋಣ ಎಂದು ನಿಂತೆ.

ನೋಡಿದರೆ ಬಿಹಾರದ ಒಬ್ಬಳು ಬಾಗಿ ನೀರು ತುಂಬುತ್ತಿದ್ದಾಳೆ! ಬಂದು ಹದಿನೈದು ದಿನವಾಗಿಲ್ಲ, ತಲೆಯ ಮೇಲಿನ ಸೆರಗು ಇನ್ನೂ ಮೂಗಿನ ತನಕ. ಎರಡೂವರೆ ವರ್ಷದಿಂದ ನಾನು ರೈಲು ಹಳಿಯ ಕಲ್ಲುದಾರಿ ಸವೆಸುತ್ತೇನೆ, ಇವಳಿಗೆ ಬಾಗಿಲ ನಳವೇ? ನಿಜಾಮನ ಸಾಲಿಯ ಉರ್ದುವನ್ನೆಲ್ಲ ಹೊರಗೆ ತೆಗೆದೆ.

"ಕಲ್ ಆಯೀ, ಆಜ್ ಪಾನೀ ಭರ್ತೀ? ಜಾ ತೇರೇ ಗಾಂವ್ ಕೂ! ಈ ಊರೇನ್ ನಿಮ್ಮಪ್ಪಂದಾ?"

ನಿನ್ನೆ ಬಂದವಳು, ನಿನ್ನ ಊರಿಗೆ ಹೋಗು ಎಂದೆ. ನಾನು ಎಂದೆ. ಆ ಹೆಂಗಸು ಅರ್ಧ ತುಂಬಿದ ಬಿಂದಿಗೆಯನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡು ತಿರುಗಿದಳು. ಆ ತಿರುಗುವುದನ್ನು ನೋಡಿದೆ. ಅಂದು ನಾನು ತಿರುಗಿದ್ದೂ ಹಾಗೆಯೇ. ಅಷ್ಟರಲ್ಲಿ ಚಂದ್ರಬಾಯಿ ಕೈ ಅಡ್ಡ ಹಿಡಿದು ಬಂದಳು. ಅದೇ ಕೈ, ಅದೇ ಮಾತು.

"ಆಜೀ, ಇಥೇ ಭಾಂಡಣ ನಕೋ!"

ನಾನು ಎರಡೂ ಅಂಗೈ ಎತ್ತಿ ತೋರಿಸಿದೆ. "ಭಾಂಡೆ ಎಲ್ಲಿ ಅದಾವಬೇ? ನೋಡು ಕಣ್ಣು ತೆರೆದು! ಬರೀ ಕೈಲಿ ನಿಂತೀನಿ. ಬರೀ ಕೈಲಿ ನಿಲ್ಲಾಕೂ ನಕೋ ಏನು?"

ಅವಳು ನನ್ನ ಕೈ ನೋಡಿದಳು, ಮುಖ ನೋಡಿದಳು. ಭಾಂಡೆ ಎಂಬ ಒಂದು ಶಬ್ದ ಅವಳಿಗೆ ತಿಳಿಯಿತು. "ಭಾಂಡೀ? ಭಾಂಡೀ ನಾಹೀ ಆಜೀ! ಭಾಂಡಣ! ಭಾಂಡಣ ಮ್ಹಣಜೇ ಝಗಡಾ!"

ಝಗಡಾ. ಜಗಳ. ಇಲ್ಲಿ ಜಗಳ ಬೇಡ ಎಂದಿದ್ದಳು ಅನಸೂಯಾ. ಆಗಲೂ ಅದನ್ನೇ ಎಂದಿದ್ದಳು. ನಳದ ಜಗಳ ಬಿಡಿಸುವುದು ಈ ಚಾಳಿನಲ್ಲಿ ಅವಳ ಕೆಲಸ. ದಿನಕ್ಕೆ ಹತ್ತು ಸಲ ಹತ್ತು ಜನರಿಗೆ ಇದೇ ಮಾತು ಹೇಳುತ್ತಾಳಂತೆ. ನಮ್ಮ ಕಡೆಯ ದನಿ ಗೊತ್ತಲ್ಲ, ಉಂಡಿಯಾ ಎಂದು ಕೇಳಿದರೂ ಹೊಡೆದಾಟದಂತೆ ಕೇಳಿಸುತ್ತದೆ. ಕನ್ನಡ, ಉರ್ದು, ತೆಲುಗು, ಮೂರು ಭಾಷೆ ಬಂದವಳಿಗೆ ಮರಾಠಿ ಎಷ್ಟರದು ಎಂಬ ಸೊಕ್ಕು ನನಗೆ. ಯಾರನ್ನೂ ಅರ್ಥ ಕೇಳಲಿಲ್ಲ. ಪುಂಡಿಗೆ ಕಿಟ್ಟಣ್ಣನನ್ನು ಹುಚ್ಚ ಎಂದೆನಲ್ಲ, ಅವನ ಮುಂದೆ ನಾನು ಎಷ್ಟು ಹುಚ್ಚಿ!

ಚಂದ್ರಬಾಯಿ ಹಣೆ ಚಚ್ಚಿಕೊಂಡಳು. ಆಮೇಲೆ ನಕ್ಕಳು. ನಗುತ್ತ ನಗುತ್ತ ಕಟ್ಟೆಯ ಮೇಲೆ ಕೂತುಬಿಟ್ಟಳು. ನಾನೂ ಪಕ್ಕದಲ್ಲಿ ಕೂತೆ. ಸಾಲಿನ ಹೆಂಗಸರೆಲ್ಲ ಏನು ಏನು ಎಂದು ಸುತ್ತ ನಿಂತರು. ಅವಳು ಹೇಳಿದಂತೆಲ್ಲ ಅವರೂ ನಕ್ಕರು. ನೀರು ಸುಮ್ಮನೆ ಹರಿದು ಹೋಗುತ್ತಿತ್ತು, ಆ ಚಾಳಿನಲ್ಲಿ ನಳದ ನೀರು ಹಾಗೆ ಪೋಲಾದದ್ದು ಅದೊಂದೇ ದಿನವಿರಬೇಕು. ಮೊದಲು ಎದ್ದು ಆ ಬಿಹಾರದವಳ ಹಿಂದೆ ಹೋದೆ. ಕೈ ಹಿಡಿದು ತಂದೆ, ಅವಳ ಬಿಂದಿಗೆ ತುಂಬಿಸಿ ನಾನೇ ಸೊಂಟಕ್ಕೆ ಏರಿಸಿದೆ. ಸುಗಿಯಾ ಅಂತ ಹೆಸರು. ನಿನ್ನ ವಯಸ್ಸಿನವಳು. ಇನ್ನೂ ನನ್ನನ್ನು ಕಂಡರೆ ಸೆರಗು ಎಳೆದುಕೊಳ್ಳುತ್ತಾಳೆ. ಅದು ನನ್ನ ತಪ್ಪು, ಸರಿಹೋಗಲು ದಿನ ಬೇಕು.

ಆಮೇಲೆ ಚಂದ್ರಬಾಯಿ ನನ್ನನ್ನು ತನ್ನ ಖೋಲಿಗೆ ಕರೆದಳು. ಚಹಾಕ್ಕೆ ಇಟ್ಟಳು. ಒಳಗೆ ಕಾಲಿಟ್ಟವಳು ಹಾಗೇ ನಿಂತೆ. ಎದುರಿನ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ. ಹಾರ ಹಾಕಿದ್ದಳು, ಒಂದು ಊದುಬತ್ತಿ.

ಅವಳು ತಲೆ ತಗ್ಗಿಸಿ ಹೇಳಿದಳು. ಆ ದಿನ ನಾನು ಭಾಂಡೆ ಎತ್ತಿಕೊಂಡು ಹೋದದ್ದು ನೋಡಿ, ಈ ಆಜಿಗೆ ತಮ್ಮ ಜಾತಿಯ ಗುರುತು ಸಿಕ್ಕಿತು, ತಮ್ಮ ಕೈ ತಾಗಿದ ನಳದ ನೀರು ನಡೆಯುವುದಿಲ್ಲ, ಅದಕ್ಕೆ ದೂರ ಹೋಗುತ್ತಾಳೆ ಎಂದುಕೊಂಡಳಂತೆ. ಚಾಳಿನವರಿಗೆಲ್ಲ ಹೇಳಿಯೂ ಇಟ್ಟಿದ್ದಳಂತೆ, ಕಾನಡಿ ಆಜಿ ಸೋವಳೆಯವಳು, ಮಾತಾಡಿಸಬೇಡಿ ಅಂತ. ಸೋವಳೆ ಎಂದರೆ ಏನು ಗೊತ್ತೇ? ಮಡಿ! ನನಗೆ ಮಡಿಯಂತೆ, ಅನಸೂಯಾ! ನೆಲ್ಲಿಹಾಳದ ಕೆಳಗಿನ ಕೇರಿಯ ಮರಗಮ್ಮ ಮಡಿಯವಳಂತೆ! ನಿನ್ನ ಮುತ್ಯಾ ಬದುಕಿದ್ದರೆ ಇದನ್ನು ಕೇಳಿ ಮೂರು ದಿನ ನಗುತ್ತಿದ್ದ.

ನಾನೂ ನಕ್ಕೆ, ಆಮೇಲೆ ಅತ್ತೆ. ಅವಳೂ ಅತ್ತಳು. ಇಬ್ಬರು ಹೆಂಗಸರು ಒಂದೇ ಗಾಯ ಇಟ್ಟುಕೊಂಡು ಎರಡೂವರೆ ವರ್ಷ ಒಬ್ಬರಿಗೊಬ್ಬರು ಮುಖ ತಿರುಗಿಸಿದೆವು. ಚಹಾ ಉಕ್ಕಿ ಒಲೆಗೆ ಹೋಯಿತು. ಮತ್ತೆ ಇಟ್ಟಳು. ಅಂದ ಹಾಗೆ, ಸಾಬರ ಕರಿಬೇವಿಗೆ ನೀರು ಹಾಕುವವಳೂ ಇವಳೇ.

ಆ ಫೋಟೋ ನಮ್ಮ ಬಾಲಪ್ಪನ ಹತ್ತಿರವೂ ಇದೆ, ನಿನಗೆ ಗೊತ್ತು. ವರ್ತಕ ನಗರದ ಸಂಗತಿಯಾದ ಮೇಲೆ ಗೋಡೆಗೆ ಹಾಕಲು ನಾನೇ ಬಿಟ್ಟಿರಲಿಲ್ಲ. ಟ್ರಂಕಿನ ತಳದಲ್ಲಿ, ಸೀರೆಯ ಕೆಳಗೆ ಇತ್ತು. ಮೊನ್ನೆ ಭಾನುವಾರ ಹೊರಗೆ ತೆಗೆದೆವು. ಮೊಳೆ ಚಂದ್ರಬಾಯಿ ತಂದಳು, ಹೊಡೆಯಲು ಮಸಾಲೆ ಕುಟ್ಟುವ ಬತ್ತಾ ನಾನು ಕೊಟ್ಟೆ. ಸೊಟ್ಟಗಿದೆ ಎಂದು ಬಾಲಪ್ಪ ಅಂದ, ಇರಲಿ ಬಿಡು ಎಂದೆ.

ಈ ಊರು ಒಳ್ಳೆಯದೋ ಕೆಟ್ಟದ್ದೋ ಎಂದು ಇನ್ನು ನಾನು ವಾದ ಮಾಡುವುದಿಲ್ಲ. ವರ್ತಕ ನಗರದವರು ಹಾಗೇ ಇದ್ದಾರೆ. ಮುಂಬ್ರಾಕ್ಕೆ ಹೋದವರು ಬಂದಿಲ್ಲ. 'ನಿನ್ನ ಊರಿಗೆ ಹೋಗು' ಎಂಬ ಆ ಮಾತು ಆ ಮುಂಜಾನೆ ನನ್ನ ನಾಲಿಗೆಯ ಮೇಲೇ ಇತ್ತಲ್ಲ, ಅದಕ್ಕೆ ಯಾವ ಊರನ್ನು ಬೈಯಲಿ? ನೀನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಬರೆಯುತ್ತೇನೆ: ಹೌದು. ಇವತ್ತು ಮುಂಜಾನೆ ಬಾಗಿಲ ನಳದಲ್ಲಿ ನಾಲ್ಕು ಭಾಂಡೆ ತುಂಬಿದೆ. ನಾಲ್ಕನೆಯದನ್ನು ಚಂದ್ರಬಾಯಿ ಎತ್ತಿ ಒಳಗೆ ಇಟ್ಟಳು. ನೀರು ಸಿಹಿ ಇದೆ.

ದವಾಖಾನೆ ಇಲ್ಲಿಂದ ಹತ್ತು ನಿಮಿಷ. ನರ್ಸಮ್ಮ ಅಲ್ಲಿಯವಳೇ, ಹೆಸರು ಬರೆಸಲು ಕರೆದುಕೊಂಡು ಹೋಗುತ್ತೇನೆ ಎಂದಿದ್ದಾಳೆ. ಘಣಸೋಲಿಯ ಖೋಲಿ ಬಿಡಬೇಡ ಎಂದು ಅಂಬರೀಶನಿಗೆ ಹೇಳಿದ್ದೇನೆ, ಬಾಣಂತನ ಮುಗಿಸಿ ಅಲ್ಲಿಗೆ ಹೋಗುವೆಯಂತೆ. ಅವನು ಬಂದು ಕರೆತರುತ್ತಾನೆ. ಯಾದಗಿರಿಯಲ್ಲಿ ಗಾಡಿ ಹತ್ತಿದರೆ ಕಲ್ಯಾಣದಲ್ಲಿ ಇಳಿಯುವುದು, ಅಲ್ಲಿ ನಾನು ನಿಂತಿರುತ್ತೇನೆ. ಬರುವಾಗ ಪುಂಡಿಸೊಪ್ಪು ಒಣಗಿಸಿ ತಾ, ಆ ಕಿಟ್ಟಣ್ಣನಿಗೆ ಒಂದು ಹಿಡಿ ತೋರಿಸುವುದಿದೆ. ಭಾಂಡೆ ಹೊತ್ತು ತರಬೇಡ, ಇಲ್ಲಿ ಬೇಕಾದಷ್ಟಿವೆ. 'ಭಾಂಡಣ' ಬೇಕೆಂದರೆ ಅದಕ್ಕೆ ನಾನಿದ್ದೇನೆ.

ತುಟಿ ಸೊಟ್ಟ ಮಾಡದೆ, ಟ್ರಂಕಿಗೆ ಹಾಕದೆ, ಈ ತಿಂಗಳು ತೀರಿ ಮುಂದಿನದು ಹತ್ತುವುದರೊಳಗೆ ಯಾವ ಗಾಡಿ, ಯಾವ ದಿನ ಎಂದು ಬರೆದು ಹಾಕು.

ನಿನ್ನ ಆಯಿ ಮರಗಮ್ಮ